ಆ ರಾತ್ರಿ ಕೂತ ಟೀಚರಿಗೆ

ಮಗಳ ಪ್ಲಸ್ ಟು, ಅಂದರೆ ಹನ್ನೆರಡನೇ ತರಗತಿ, ಮುಗಿಯಿತು. ಫಿಸಿಕ್ಸ್ ಪರೀಕ್ಷೆಯ ಹಿಂದಿನ ರಾತ್ರಿ ಅವಳು ಭಯದಿಂದ ಕಂಗೆಟ್ಟಾಗ ನಮ್ಮ ಮನೆಯಲ್ಲಿ ಏನಾಯಿತೆಂದು ಕಾಸರಗೋಡಿನ ಬದಿಯಡ್ಕದ ಆಪ್ತರಿಗೆಲ್ಲ ಗೊತ್ತು, ಮತ್ತೆ ಹೇಳುವುದಿಲ್ಲ. ಬೆಳಗಾಗುವವರೆಗೆ ಅವಳ ಪಕ್ಕದಿಂದ ಏಳದ ನೆರೆಮನೆಯ ಟೀಚರ್ ಮಾಡಿದ್ದೇನೆಂಬುದು ಮಾತ್ರ ನಾಲ್ಕು ಜನರಿಗೆ ತಿಳಿಯಬೇಕು.

ಟೀಚರ್, ನೀವು "ಹೆದರಬೇಡ" ಎನ್ನಲಿಲ್ಲ. ಮೊದಲು ಪುಸ್ತಕ ಮುಚ್ಚಿಸಿದಿರಿ. ಬೆರಳು ಜುಮುಗುಡುವುದು ಉಸಿರಾಟ ವೇಗವಾಗಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದದ್ದರಿಂದ ಎಂದು ಅವಳಿಗೇ ವಿವರಿಸಿದಿರಿ. 4 ಎಣಿಸುತ್ತ ಮೂಗಿನಿಂದ ಒಳಕ್ಕೆ, 6 ಎಣಿಸುತ್ತ ಹೊರಕ್ಕೆ. ಹೊರಬಿಡುವ ಉಸಿರು ಉದ್ದವಾದರೆ ಎದೆಬಡಿತ ಇಳಿಯುತ್ತದೆ. ಚಾಯ ಬೇಡವೆಂದಿರಿ, ಐದು ಗಂಟೆ ಕಳೆದರೂ ಅದರ ಕೆಫೀನ್ ಅರ್ಧದಷ್ಟು ಮೈಯಲ್ಲೇ ಇರುತ್ತದಂತೆ. ಗಂಜಿ ಉಣಿಸಿದಿರಿ.

ಪೇಟೆಯ ಫ್ಲೆಕ್ಸುಗಳಲ್ಲಿ ಫುಲ್ ಎ ಪ್ಲಸ್, ಅಂದರೆ ಎಲ್ಲ ವಿಷಯದಲ್ಲೂ ಎ ಪ್ಲಸ್ ಗ್ರೇಡ್, ಪಡೆದವರ ಮುಖಗಳನ್ನು ನೋಡಿ ನೋಡಿ, ಶೇಕಡಾ 90 ದಾಟದವರಿಗೆ ಬೆಲೆಯೇ ಇಲ್ಲವೆಂದು ಮಕ್ಕಳು ನಂಬಿಬಿಡುತ್ತಾರೆ. "ನಾನಿಲ್ಲದಿದ್ದರೆ ನಿಮಗೆ ನಾಚಿಕೆಯಾಗುವುದಿಲ್ಲ" ಎಂದಳಲ್ಲ ಮಗಳು, ಬರೆಯುವಾಗ ಈಗಲೂ ಕೈ ನಡುಗುತ್ತದೆ. ನೀವು ಗದರಲಿಲ್ಲ, ಮಾತು ತೇಲಿಸಲಿಲ್ಲ. "ಸಾಯಬೇಕು ಅನಿಸುತ್ತದಾ?" ಎಂದು ನೇರ ಕೇಳಿದಿರಿ. ಹಾಗೆ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಒಳಗಿದ್ದದ್ದಕ್ಕೆ ಬಾಯಿ ಬರುತ್ತದೆ. ಅವಳು ಅತ್ತು ಮುಗಿಸುವವರೆಗೆ ಕಾದು, ಕೇರಳದ ಆರೋಗ್ಯ ಸಹಾಯವಾಣಿ ದಿಶಾದ 1056ಕ್ಕೆ ನೀವೇ ಕರೆಮಾಡಿ ಫೋನ್ ಅವಳ ಕೈಗೆ ಕೊಟ್ಟಿರಿ. ಕೇಂದ್ರ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಕೂಡ ಹಗಲುರಾತ್ರಿ ಸಿಗುತ್ತದೆ. ಎರಡನ್ನೂ ಮನೆಯ ಗೋಡೆಯ ಮೇಲೆ ಬರೆದಿಡಿ, ದಯವಿಟ್ಟು.

ಆಮೇಲೆ ಒಂದೇ ಹಾಳೆಯಲ್ಲಿ ಲೆಕ್ಕ ಹಾಕಿಕೊಟ್ಟಿರಿ. 60 ಸ್ಕೋರಿಗೆ (ಅಂಕಕ್ಕೆ) 2 ಗಂಟೆ, ಅಂದರೆ ಸ್ಕೋರಿಗೆ 2 ನಿಮಿಷ. 5 ಸ್ಕೋರಿನ ಪ್ರಶ್ನೆ 10 ನಿಮಿಷದಲ್ಲಿ ಮುಗಿಯದಿದ್ದರೆ ಜಾಗ ಬಿಟ್ಟು ಮುಂದಕ್ಕೆ. ಬರೆಯುವ ಮೊದಲು ಪ್ರಶ್ನೆಪತ್ರಿಕೆ ಓದಲೆಂದೇ ಕೊಡುವ ಕೂಲ್ ಆಫ್‌ನ 15 ನಿಮಿಷದಲ್ಲಿ ಮೊದಲ ಪ್ರಶ್ನೆಯ ಲೆಕ್ಕಕ್ಕೆ ಕೂತರೆ ಕೊನೆಯ ಪುಟದ ಸುಲಭದ ಪ್ರಶ್ನೆ ಕಣ್ಣಿಗೇ ಬೀಳುವುದಿಲ್ಲ. ಪೂರ್ತಿ ಓದಿ, ಆಯ್ಕೆಯಿದ್ದಲ್ಲಿ ಯಾವುದನ್ನು ಬಿಡುವುದೆಂದು ಆಗಲೇ ತೀರ್ಮಾನಿಸಬೇಕು. ಬೆಳಿಗ್ಗೆ ಸೂತ್ರಗಳ ಪುಟ ಸಾಕು, ಹೊಸ ಪಾಠ ತೆರೆಯಬಾರದು.

ಹಳೆಯ ಪ್ರಶ್ನೆಪತ್ರಿಕೆ ಹೊಂದಿಸಿಕೊಟ್ಟ ಮಾಷ್ಟ್ರು, ದಿನಾ ಫೋನ್ ಮಾಡಿದ ಗೆಳತಿಯರು, ಪರೀಕ್ಷೆ ದಿನಗಳಲ್ಲಿ ಗೇಟಿನವರೆಗೆ ಬಿಟ್ಟ ಆಟೋದಣ್ಣ, ಎಲ್ಲರಿಗೂ ನಮಸ್ಕಾರ.

ಟೀಚರ್ ಬರೆಸಿದ ನೋಟುಪುಸ್ತಕ ನಮ್ಮಲ್ಲಿದೆ. ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪ್ಲಸ್ ವನ್‌ನಲ್ಲಿ ಇಂಗ್ಲಿಷ್ ಪುಸ್ತಕ ಹಿಡಿಯುವ ಮಕ್ಕಳಿಗೆ ಬೇಕಾದ ಪದಗಳಿವೆ, ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್. ವಿದ್ಯುತ್ತಿನ ಪಾಠ ಪೂರ್ತಿ, ಬೆಳಕಿನದು ಅರ್ಧ. ಬೇಕಾದವರು ಬಂದು ಒಯ್ಯಿರಿ.