ಯುವಕರಿಗೆ ಗಾಡಿ ಕೊಡುವ ಮೊದಲು ಅದನ್ನು ನಿಲ್ಲಿಸಲು ಜಾಗ ಕೊಡಿ

ಸಂಪಾದಕರೇ, ನಮಸ್ಕಾರ.

ಬೀದಿ ಬದಿಯಲ್ಲಿ ಸ್ವಂತ ವ್ಯಾಪಾರ ಶುರು ಮಾಡುವ ಹುಡುಗ ಹುಡುಗಿಯರಿಗೆ ಏನಾದರೂ ಯೋಜನೆ ಮಾಡಬೇಕು ಅಂತ ಯಾರು ಮಾತೆತ್ತಿದರೂ ಸಾಲ, ತರಬೇತಿ, ಗಾಡಿ ಇಷ್ಟರಲ್ಲೇ ಮಾತು ಮುಗಿಯುತ್ತದೆ. ನನ್ನ ಪ್ರಕಾರ ಮೊದಲು ಕೊಡಬೇಕಾದದ್ದು ಜಾಗ. ನೆಲದ ಮೇಲೆ ಬಣ್ಣದಲ್ಲಿ ಗೆರೆ ಎಳೆದು, ನಂಬರ್ ಬರೆದು, 'ಇದು ನಿನ್ನದು, ಸಂಜೆ ಇಷ್ಟರಿಂದ ಇಷ್ಟು ಗಂಟೆ ತನಕ' ಅಂತ ಕಾಗದದಲ್ಲಿ ಬರೆದುಕೊಟ್ಟ ಜಾಗ. ಸುರಕ್ಷತೆ ಅಂತ ನಾವು ಏನೇನು ಕೇಳುತ್ತೇವೋ ಅದೆಲ್ಲ ಅಲ್ಲಿಂದಲೇ ಶುರುವಾಗಬೇಕು.

ನಾನು ಧಾರವಾಡದ ಸಪ್ತಾಪುರದವನು. ಇಲ್ಲಿ ಕೋಚಿಂಗ್ ಸೆಂಟರ್, ಪಿಜಿ, ಓದುವ ಲೈಬ್ರರಿಗಳದ್ದೇ ಒಂದು ಊರು ಇದೆ. ಕೆಎಎಸ್, ಪಿಎಸ್‌ಐ, ಪಿಡಿಒ, ಎಫ್‌ಡಿಎ ಅಂತ ಸರ್ಕಾರಿ ಕೆಲಸದ ಪರೀಕ್ಷೆಗಳಿಗೆ ಓದಲು ಉತ್ತರ ಕರ್ನಾಟಕದ ಹಳ್ಳಿಗಳಿಂದ ಬಂದ ಮಕ್ಕಳು ವರ್ಷಗಟ್ಟಲೆ ಇಲ್ಲೇ ಇರುತ್ತಾರೆ. ಅಧಿಸೂಚನೆ ತಡ ಆಗುತ್ತದೆ, ವಯಸ್ಸು ನಿಲ್ಲುವುದಿಲ್ಲ, ಊರಿಂದ ದುಡ್ಡು ತರಿಸಿಕೊಳ್ಳಲು ನಾಚಿಕೆ. ಯುವನಿಧಿಯಲ್ಲಿ ಪದವಿ ಮುಗಿಸಿದವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಬರುತ್ತದೆ, ಅದೂ ಹೆಚ್ಚೆಂದರೆ ಎರಡು ವರ್ಷ. ಆಮೇಲೆ? ಕೆಲವರು ಸಂಜೆ ಹೊತ್ತು ಚಹಾ, ಗಿರ್ಮಿಟ್, ಮಿರ್ಚಿ ಭಜಿ, ಎಗ್ ರೈಸ್ ಗಾಡಿ ಹಾಕುತ್ತಾರೆ. ಓದಿದವರು ಗಾಡಿ ಹಾಕಿದರು ಅಂತ ಮರುಕಪಡುವವರು ಇದ್ದಾರೆ. ನನಗೆ ಅದು ಸ್ವಲ್ಪವೂ ಹಿಡಿಸುವುದಿಲ್ಲ. ಬೋಣಿ ಆದಾಗ ಅವರ ಮುಖ ನೋಡಿ, ಅದು ಸ್ವಂತ ದುಡಿಮೆಯ ಖುಷಿ.

ಆದರೆ ಅವರು ಯಾವ ಸ್ಥಿತಿಯಲ್ಲಿ ನಿಂತು ದುಡಿಯುತ್ತಾರೆ ಅನ್ನುವುದನ್ನು ನಾವು ನೋಡಬೇಕು. ಯಾವಾಗ ಎಬ್ಬಿಸುತ್ತಾರೋ ಗೊತ್ತಿಲ್ಲದವನು ಎಲ್ಲವನ್ನೂ ಹೊತ್ತುಕೊಂಡು ಓಡಲು ಆಗುವಷ್ಟೇ ಇಟ್ಟುಕೊಳ್ಳುತ್ತಾನೆ. ಕೈ ತೊಳೆಯಲು ನಲ್ಲಿ ಇರುವ ನೀರಿನ ಡ್ರಮ್ ಇಡುವುದಿಲ್ಲ, ಭಾರ. ಮುಚ್ಚಳ ಇರುವ ಕಸದ ಡಬ್ಬಿ ಇಡುವುದಿಲ್ಲ, ಜಾಗ ಹಿಡಿಯುತ್ತದೆ. ಮನೆಬಳಕೆಯ 14.2 ಕೆಜಿ ಸಿಲಿಂಡರನ್ನು ಯಾರದೋ ಹೆಸರಲ್ಲಿ ತಂದು ಗಾಡಿಯ ಕೆಳಗಿನ ಹಲಗೆ ಮೇಲೆ ಅಡ್ಡ ಮಲಗಿಸಿ, ಬಿಸಿಲಿಗೆ ಬಿರುಕು ಬಿಟ್ಟ ಪೈಪ್ ಜೋಡಿಸಿ ಉರಿ ಹಚ್ಚುತ್ತಾನೆ. ಬೆಳಕಿಗೆ ಪಕ್ಕದ ಅಂಗಡಿಯಿಂದ ವಯರ್ ಎಳೆಯುತ್ತಾನೆ, ಮಳೆ ಬಂದರೂ ಅದು ನೆಲದ ಮೇಲೇ ಬಿದ್ದಿರುತ್ತದೆ. ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸುವುದು ಬೇರೆ. ಜೀಪು ಬಂತು ಅಂದ ತಕ್ಷಣ ಕಾದ ಎಣ್ಣೆಯ ಬಾಣಲೆ ಸಮೇತ ಗಾಡಿ ತಳ್ಳಿಕೊಂಡು ಟ್ರಾಫಿಕ್ ಮಧ್ಯೆ ಹೋಗುವುದು. ಇದಕ್ಕಿಂತ ದೊಡ್ಡ ಅಪಾಯ ಇನ್ನೇನು ಬೇಕು? ಇಂಥವನಿಗೆ ಸುರಕ್ಷತೆಯ ಪಾಠ ಹೇಳಿ ಏನು ಪ್ರಯೋಜನ? ನಾಳೆ ಇಲ್ಲಿ ಇರುತ್ತೇನೆ ಅನ್ನುವ ಭರವಸೆ ಇದ್ದವನು ಮಾತ್ರ ಒಳ್ಳೆ ಪೈಪಿಗೆ ದುಡ್ಡು ಹಾಕುತ್ತಾನೆ.

ಕಾನೂನು ನಮ್ಮಲ್ಲಿ ಇಲ್ಲ ಅಂತ ಅಲ್ಲ. ರಸ್ತೆ ಬದಿ ವ್ಯಾಪಾರವೂ ಸಂವಿಧಾನ ಕೊಟ್ಟಿರುವ ವೃತ್ತಿ, ವ್ಯಾಪಾರದ ಹಕ್ಕಿನಲ್ಲಿ ಸೇರುತ್ತದೆ, ಆದರೆ ಅದಕ್ಕೆ ಮಿತಿ ಹಾಕಬಹುದು ಅಂತ ಸುಪ್ರೀಂ ಕೋರ್ಟ್ 1989ರ ಸೋಧನ್ ಸಿಂಗ್ ಪ್ರಕರಣದಲ್ಲೇ ಹೇಳಿದೆ. 2014ರಲ್ಲಿ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯೇ ಬಂತು. ಪ್ರತಿ ಊರಿಗೆ ಒಂದು ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಶೇ 40ಕ್ಕೆ ಕಡಿಮೆ ಇಲ್ಲದಂತೆ ವ್ಯಾಪಾರಿಗಳೇ ಇರಬೇಕು, ಆ ಪೈಕಿ ಮೂರನೇ ಒಂದು ಭಾಗ ಹೆಂಗಸರು. ಐದು ವರ್ಷಕ್ಕೊಮ್ಮೆ ವ್ಯಾಪಾರಿಗಳ ಸಮೀಕ್ಷೆ. ಎಬ್ಬಿಸುವ ಮೊದಲು 30 ದಿನದ ನೋಟಿಸ್. ಸಾಮಾನು ವಶಕ್ಕೆ ತೆಗೆದುಕೊಂಡರೆ ಪಟ್ಟಿ ಮಾಡಿ ಕೊಡಬೇಕು, ಬೇಗ ಕೆಡುವ ವಸ್ತುವನ್ನು ವ್ಯಾಪಾರಿ ಕೇಳಿದ ದಿನವೇ ವಾಪಸ್ ಕೊಡಬೇಕು. ಗಾಡಿ ಹಾಕುವ ಹುಡುಗರಲ್ಲಿ ಇದು ಎಷ್ಟು ಜನಕ್ಕೆ ಗೊತ್ತು? ಕೆಎಎಸ್‌ಗೆ ಓದಿದವನಿಗೂ ತನ್ನದೇ ಗಾಡಿಯ ಕಾಯ್ದೆ ಯಾರೂ ಹೇಳಿಕೊಟ್ಟಿಲ್ಲ.

ಯುವಕರಿಗೆ ಇದೇ ಕಾಯ್ದೆಯಲ್ಲಿ ಒಂದು ಬಾಗಿಲು ಇದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಸಮೀಕ್ಷೆ ನಡೆದ ದಿನ ರಸ್ತೆಯಲ್ಲಿ ಇದ್ದವರಿಗೆ ಮಾತ್ರ ವ್ಯಾಪಾರದ ಪ್ರಮಾಣಪತ್ರ ಅಂತ ಎಲ್ಲರೂ ತಿಳಿದಿದ್ದಾರೆ. ಆದರೆ 4ನೇ ಸೆಕ್ಷನ್ ಪ್ರಕಾರ ಎರಡು ಸಮೀಕ್ಷೆಗಳ ನಡುವೆ ಹೊಸದಾಗಿ ವ್ಯಾಪಾರ ಮಾಡಬಯಸುವವರಿಗೂ, ವ್ಯಾಪಾರಕ್ಕೆ ಗುರುತಿಸಿದ ವಲಯದಲ್ಲಿ ಜಾಗ ಇದ್ದರೆ, ಪಟ್ಟಣ ವ್ಯಾಪಾರ ಸಮಿತಿ ಪ್ರಮಾಣಪತ್ರ ಕೊಡಬಹುದು. ಒಂದೇ ಜಾಗವನ್ನು ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಬೇರೆಯವರು ಬಳಸುವುದಕ್ಕೂ ಕಾಯ್ದೆ ಒಪ್ಪುತ್ತದೆ, ತನ್ನ ಹೊತ್ತು ಮುಗಿದ ಕೂಡಲೇ ಸಾಮಾನು ತೆಗೆಯಬೇಕು ಅಷ್ಟೇ. ಯುವಕರ ಯೋಜನೆಯನ್ನು ಈ ಎರಡು ಅವಕಾಶಗಳ ಮೇಲೇ ಕಟ್ಟಬಹುದು. ಬೆಳಿಗ್ಗೆ ಸೊಪ್ಪು, ಹೂವು ಮಾರುವ ಅಜ್ಜಿಯ ಜಾಗದಲ್ಲಿ ಆಕೆ ಮನೆಗೆ ಹೋದ ಮೇಲೆ ಸಂಜೆ 5ರಿಂದ 10ರ ತನಕ ಒಬ್ಬ ಹುಡುಗಿ ಚಹಾ ಗಾಡಿ ಹಾಕಲಿ. ಆದರೆ ಮೊದಲು ಆ ಅಜ್ಜಿಯನ್ನು ಕೇಳಬೇಕು. ಯುವಕರ ಹೆಸರಲ್ಲಿ ಹಳಬರನ್ನು ಎಬ್ಬಿಸುವ ಯೋಜನೆ ನನಗಂತೂ ಬೇಡ. ಅದಕ್ಕಿಂತ ಯೋಜನೆ ಇಲ್ಲದಿರುವುದೇ ವಾಸಿ.

ವಯಸ್ಸಿನ ವಿಷಯ ಸ್ಪಷ್ಟ ಇರಲಿ. ಕಾಯ್ದೆಯಲ್ಲಿ 14 ವರ್ಷ ತುಂಬಿದವರಿಗೂ ಪ್ರಮಾಣಪತ್ರಕ್ಕೆ ದಾರಿ ಇದೆ. ನಾವು ಮಾಡುವ ಯೋಜನೆಗೆ 18 ತುಂಬಿರಲೇಬೇಕು, ಅದರಲ್ಲೂ ಬೆಂಕಿ, ಎಣ್ಣೆ ಇರುವ ಗಾಡಿಗೆ.

ತರಬೇತಿ ಬೇಕು, ಆದರೆ ಅದು ಸಭಾಂಗಣದ ಭಾಷಣ ಆಗಬಾರದು. ಗಾಡಿ ಪಕ್ಕ ನಿಂತು ತೋರಿಸಬೇಕು. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ಕೂರುತ್ತದೆ, ಹಾಗಾಗಿ ಗಾಡಿಯ ತಳವನ್ನು ನಾಲ್ಕೂ ಕಡೆ ತಗಡು ಬಡಿದು ಮುಚ್ಚಬಾರದು. ಸಣ್ಣ ವ್ಯಾಪಾರಕ್ಕೆ 5 ಕೆಜಿಯ ಸಿಲಿಂಡರ್ ಗುರುತಿನ ಚೀಟಿ ತೋರಿಸಿದರೆ ಸಿಗುತ್ತದೆ, ವಿಳಾಸದ ಪುರಾವೆ ಬೇಡ. ಪಿಜಿಯಲ್ಲಿ ಇರುವವರಿಗೆ ಇದು ದೊಡ್ಡ ಅನುಕೂಲ. ಬೆಂಕಿ ನಂದಿಸುವ ಸಿಲಿಂಡರ್ ಪ್ರತಿ ಗಾಡಿಗೂ ಇಡುವುದು ಕಷ್ಟ ಅಂದರೆ ಐದಾರು ಗಾಡಿಗೆ ಸೇರಿ ಒಂದನ್ನು ಪಾಲಿಕೆಯೇ ಇಡಲಿ. ವಿದ್ಯುತ್ತನ್ನು ಹೆಸ್ಕಾಂನವರು ಮೀಟರ್ ಹಾಕಿ ಒಂದು ಕಂಬದಿಂದ ಕೊಡಲಿ, ದಿನಕ್ಕೆ ಇಷ್ಟು ಅಂತ ಹಂಚಿಕೊಂಡು ಕಟ್ಟುತ್ತಾರೆ.

ತಿಂಡಿಯ ವಿಷಯದಲ್ಲಿ ಸರ್ಕಾರ ಒಂದಾದ ಮೇಲೊಂದು ನಿಷೇಧ ತಂದಿದೆ. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ರೋಡಮಿನ್-ಬಿ ಬಣ್ಣ ಹಾಕುವುದನ್ನು ನಿಲ್ಲಿಸಿದರು. 2025ರ ಫೆಬ್ರುವರಿಯಲ್ಲಿ ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಬೇಡ ಅಂದರು. ಎರಡೂ ಸರಿಯಾದ ನಿರ್ಧಾರಗಳೇ. ಆದರೆ ಟಿವಿಯಲ್ಲಿ ಸುದ್ದಿ ಬಂದು ಗಿರಾಕಿ ಕೇಳಿದಾಗಲೇ ಅನೇಕ ವ್ಯಾಪಾರಿಗಳಿಗೆ ವಿಷಯ ತಿಳಿಯುವುದು. ಹೊಸಬರಿಗೆ ಮೊದಲ ದಿನವೇ ಹೇಳಿ. ಎಣ್ಣೆಯನ್ನು ಮೂರು ಸಲಕ್ಕಿಂತ ಜಾಸ್ತಿ ಕಾಯಿಸಬೇಡಿ ಅನ್ನುವುದು ಆಹಾರ ಸುರಕ್ಷತಾ ಪ್ರಾಧಿಕಾರದ ಸಲಹೆ. ಭಜಿಯನ್ನು ಪತ್ರಿಕೆಯ ಹಾಳೆಯಲ್ಲಿ ಕಟ್ಟಿ ಕೊಡಬಾರದು ಅಂತಲೂ ಅದೇ ಪ್ರಾಧಿಕಾರ ಹೇಳಿದೆ, ಶಾಯಿ ಎಣ್ಣೆಗೆ ಸೇರಿ ಹೊಟ್ಟೆಗೆ ಹೋಗುತ್ತದೆ. ಇದನ್ನು ನಿಮ್ಮ ಪತ್ರಿಕೆಯಲ್ಲೇ ಒಂದು ಸಣ್ಣ ಚೌಕದಲ್ಲಿ ಆಗಾಗ ಹಾಕಿದರೆ ಚೆನ್ನ.

ಇನ್ನು ದುಡ್ಡು. ಬೆಳಿಗ್ಗೆ 900 ಕೊಟ್ಟು ಸಂಜೆ 1,000 ವಸೂಲಿ ಮಾಡುವ ಬಡ್ಡಿಯವರು ನಮ್ಮ ಸಂತೆಗಳಲ್ಲಿ ಇವತ್ತಿಗೂ ಇದ್ದಾರೆ. ಅದನ್ನು ತಪ್ಪಿಸಲೆಂದೇ ರಾಜ್ಯದಲ್ಲಿ 2018ರಲ್ಲಿ ಬಡವರ ಬಂಧು ಯೋಜನೆ ತಂದು 10,000ದ ತನಕ ಬಡ್ಡಿ ಇಲ್ಲದ ಸಾಲ ಕೊಟ್ಟರು. ಕೇಂದ್ರದ ಪಿಎಂ ಸ್ವನಿಧಿಯಲ್ಲಿ ಈಗ ಮೊದಲ ಕಂತು 15,000, ತೀರಿಸಿದರೆ 25,000, ಆಮೇಲೆ 50,000. ಶೇ 7ರ ಬಡ್ಡಿ ಸಹಾಯಧನವೂ ಇದೆ, ಯೋಜನೆ 2030ರ ಮಾರ್ಚ್ ತನಕ ನಡೆಯುತ್ತದೆ. ಆದರೆ ಈ ಸಾಲಕ್ಕೆ ವ್ಯಾಪಾರದ ಪ್ರಮಾಣಪತ್ರವನ್ನೋ ಶಿಫಾರಸು ಪತ್ರವನ್ನೋ ಕೇಳುತ್ತಾರೆ. ನೋಡಿ, ಸಾಲವೂ ಜಾಗದ ಕಾಗದಕ್ಕೇ ಬಂದು ನಿಂತಿತು.

ಲೆಕ್ಕ ಬರೆಯುವುದನ್ನೂ ಕಲಿಸಬೇಕು. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದಾಗ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು 'ಕ್ಯಾಶ್ ಮಾತ್ರ' ಅಂತ ಬರೆದರು, ನೆನಪಿದೆ ಅಲ್ವಾ? ಆ ಭಯ ಇನ್ನೂ ಪೂರ್ತಿ ಹೋಗಿಲ್ಲ. ಸರಕು ಮಾರಿದರೆ ವರ್ಷಕ್ಕೆ 40 ಲಕ್ಷ, ಸೇವೆಯಾದರೆ 20 ಲಕ್ಷ ದಾಟಿದ ಮೇಲಷ್ಟೇ ಜಿಎಸ್‌ಟಿ ನೋಂದಣಿ ಬೇಕಾಗುವುದು. ದಿನಕ್ಕೆ 3,000 ವ್ಯಾಪಾರ ಮಾಡುವ ಗಾಡಿಯದು ಒಂದು ದಿನವೂ ರಜೆ ಇಲ್ಲದೆ ದುಡಿದರೂ 11 ಲಕ್ಷ ಮುಟ್ಟುವುದಿಲ್ಲ. ಇಷ್ಟನ್ನು ಯಾರಾದರೂ ಕೂರಿಸಿಕೊಂಡು ಹೇಳಿದರೆ ಹುಡುಗರು ಸುಮ್ನೆ ಹೆದರುವುದಿಲ್ಲ. ಸ್ನೇಹಿತರ ಬಾಡಿಗೆ ದುಡ್ಡು, ಊರಿಂದ ಬಂದ ದುಡ್ಡು, ಗಲ್ಲಾದ ದುಡ್ಡು ಎಲ್ಲ ಒಂದೇ ಖಾತೆಗೆ ಬಿದ್ದರೆ ಮಾತ್ರ ಆಮೇಲೆ ಬಿಡಿಸುವುದು ಕಷ್ಟ. ವ್ಯಾಪಾರಕ್ಕೆ ಬೇರೆ ಖಾತೆ ಇರಲಿ.

ಹೆಣ್ಣುಮಕ್ಕಳ ವಿಷಯ ಕೊನೆಗೆ ಬರೆಯುತ್ತಿದ್ದೇನೆ, ಆದರೆ ಯೋಜನೆ ಮಾಡುವವರು ಇದನ್ನು ಮೊದಲು ನೋಡಬೇಕು. ರಾತ್ರಿ 10ರ ತನಕ ತೆರೆದಿರುವ ಶೌಚಾಲಯ ಹತ್ತಿರದಲ್ಲಿ ಇಲ್ಲದಿದ್ದರೆ, ಬೀದಿ ದೀಪ ಉರಿಯದಿದ್ದರೆ ಯಾವ ಅಮ್ಮ ತಾನೇ ಮಗಳನ್ನು ಗಾಡಿ ಹತ್ತಿರ ಬಿಡುತ್ತಾಳೆ? ನೀರು ಕುಡಿದರೆ ಎಲ್ಲಿ ಹೋಗಲಿ ಅಂತ ಸಂಜೆಯಿಡೀ ನೀರೇ ಕುಡಿಯದೆ ನಿಲ್ಲುವ ಹೆಂಗಸರು ನಮ್ಮ ಮಾರುಕಟ್ಟೆಗಳಲ್ಲಿ ಇದ್ದಾರೆ. ಒಬ್ಬೊಬ್ಬರನ್ನೇ ಮೂಲೆಗೆ ಹಾಕದೆ ನಾಲ್ಕೈದು ಹುಡುಗಿಯರ ಗಾಡಿಗಳಿಗೆ ಅಕ್ಕಪಕ್ಕ ಜಾಗ ಕೊಡಿ. ಗಾಡಿ ಬಿಟ್ಟು ಹೋಗುವ ಶೆಡ್ ಅಲ್ಲೇ ಹತ್ತಿರ ಇರಲಿ, ಕತ್ತಲಲ್ಲಿ ತಳ್ಳಿಕೊಂಡು ಹೋಗುವುದು ತಪ್ಪುತ್ತದೆ.

ಧಾರವಾಡದಲ್ಲೇ ಶುರು ಮಾಡಬಹುದು. ಸಪ್ತಾಪುರದ ಆಸುಪಾಸಿನಲ್ಲಿ ಸಂಜೆ ಹೊತ್ತಿಗೆ ಇಪ್ಪತ್ತು ಜಾಗ ಗುರುತಿಸಿ, ಆರು ತಿಂಗಳಿಗೆ ಕೊಟ್ಟು, ನಿಯಮ ಪಾಲಿಸಿದವರಿಗೆ ಮುಂದುವರಿಸಲಿ. ನಡೆಯುವವರಿಗೆ ಫುಟ್‌ಪಾತ್ ಬಿಟ್ಟೇ ಗೆರೆ ಎಳೆಯಬೇಕು, ಇಲ್ಲದಿದ್ದರೆ ನಾಳೆ ಬರುವ ದೂರುಗಳಿಗೆ ಈ ಮಕ್ಕಳೇ ಬಲಿಯಾಗುತ್ತಾರೆ. ಅರ್ಜಿ ಯಾವ ಕಚೇರಿಯಲ್ಲಿ, ಯಾವ ಕಾಗದ ಬೇಕು, ಎಷ್ಟು ದಿನದಲ್ಲಿ ಉತ್ತರ ಬರುತ್ತದೆ ಅನ್ನುವುದನ್ನು ಕನ್ನಡದಲ್ಲಿ ಒಂದು ಪುಟದಲ್ಲಿ ಬರೆದು ಲೈಬ್ರರಿಗಳ ಬಾಗಿಲಿಗೆ ಅಂಟಿಸಲಿ. ಪಟ್ಟಣ ವ್ಯಾಪಾರ ಸಮಿತಿಯ ಮುಂದಿನ ಸಭೆಯಲ್ಲಿ ಈ ವಿಷಯ ಇಡಬೇಕು ಅಂತ ಪಾಲಿಕೆಯನ್ನು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

ಇಂತಿ,
ಸಪ್ತಾಪುರದ ಓದುಗ, ಧಾರವಾಡ