ಹಕ್ಕಿ ಎರಗಿದಲ್ಲಿಗೆ ದೋಣಿ ನುಗ್ಗಿಸಬೇಡಿ

ಮಾನ್ಯರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಕಡಲ ಗಾಳದ ಬಗ್ಗೆ ಬಂದ ಬರಹ ಓದಿದೆವು. ಹಿಡಕಲ್, ನವಿಲುತೀರ್ಥದ ಹಿನ್ನೀರಿನಲ್ಲಿ ಕಟ್ಲಾ, ರೋಹು ಹಿಡಿದು ಕೈ ಪಳಗಿದ ಬೆಳಗಾವಿಯ ಹುಡುಗರು ಈಗ ಶನಿವಾರ ರಾತ್ರಿಯೇ ಹೊರಟು ನಸುಕಿಗೆ ಕಾರವಾರ, ಗೋವಾ, ಮಾಲವಣ ಮುಟ್ಟುತ್ತಿದ್ದಾರೆ. ದಸರೆ ಕಳೆದು ಕಡಲು ತಣಿದಿರುವ ಈ ಹೊತ್ತಿಗೆ ಬರಹ ಬಂದದ್ದು ಒಳ್ಳೆಯದೇ ಆಯಿತು. ಆದರೆ ಹಕ್ಕಿಗಳು ನೀರಿಗೆ ಎರಗುವುದು ಕಂಡ ಕೂಡಲೇ ನಡುಮಧ್ಯಕ್ಕೆ ದೋಣಿ ಓಡಿಸಬೇಕೆಂಬ ಸಲಹೆಗೆ ನಮ್ಮ ತಕರಾರಿದೆ. ಅಲ್ಲಿ ಒಂದು ಎಸೆತ ಸಿಕ್ಕೀತು, ಎರಡನೆಯದಕ್ಕೆ ಮೀನು ಇರುವುದಿಲ್ಲ.

ಕೇದರ್ ಎಂದು ಕರಾವಳಿಯವರು ಕರೆಯುವ ಸಣ್ಣ ಟ್ಯೂನಾಗಳ ಹಿಂಡು ಬೆರಳುದ್ದದ ಮರಿಮೀನುಗಳನ್ನು ಕೆಳಗಿನಿಂದ ಮೇಲಕ್ಕೆ ಅಟ್ಟುತ್ತದೆ. ನೀರಿನ ಮೈ ಅವಕ್ಕೆ ಗೋಡೆಯಿದ್ದಂತೆ, ಅದರಾಚೆ ಹೋಗಲು ದಾರಿಯಿಲ್ಲ. ಹಾಗಾಗಿ ಉಂಡೆಗಟ್ಟಿಕೊಂಡು ಸುತ್ತುತ್ತವೆ, ಮೇಲಿಂದ ಹಕ್ಕಿ ಎರಗುತ್ತದೆ. ಎಂಜಿನ್ನಿನ ಸದ್ದು ಈ ಉಂಡೆಯನ್ನು ಒಡೆದರೆ ಮರಿಗಳು ಚದುರುತ್ತವೆ, ಅಟ್ಟುತ್ತಿದ್ದ ಮೀನು ಆಳಕ್ಕೆ ಇಳಿಯುತ್ತದೆ. ಸುತ್ತಲಿದ್ದ ಬೇರೆ ದೋಣಿಯವರ ಬೇಟೆಯೂ ಹಾಳು.

ಮಾಡಬೇಕಾದದ್ದು ಇಷ್ಟು: ದೂರದಲ್ಲೇ ವೇಗ ತಗ್ಗಿಸಿ ಎರಡು ಮೂರು ನಿಮಿಷ ಹಕ್ಕಿಗಳನ್ನು ನೋಡಿ. ಎತ್ತರದಲ್ಲಿ ಸುಮ್ಮನೆ ಸುತ್ತುತ್ತಿದ್ದರೆ ಮೀನು ಇನ್ನೂ ಆಳದಲ್ಲಿದೆ. ತಗ್ಗಿ ಹಾರುತ್ತ ಪದೇ ಪದೇ ಕೊಕ್ಕು ಅದ್ದುತ್ತಿದ್ದರೆ ಮೇಲೆ ಬಂದಿದೆ. ನೀರ ಮೇಲೆ ಕುಳಿತುಬಿಟ್ಟರೆ ಆ ಸುತ್ತಿನ ಊಟ ಮುಗಿಯಿತು, ಆದರೂ ಜಾಗ ಬಿಡಬೇಡಿ, ಹತ್ತಿರದಲ್ಲೇ ಮತ್ತೆ ಏಳುವುದುಂಟು. ಹಿಂಡು ಸಾಗುವ ದಿಕ್ಕು ತಿಳಿದ ಮೇಲೆ ಬಳಸಿ ಮುಂದಕ್ಕೆ ಹೋಗಿ, ಗಾಳಿ ಬರುವ ಬದಿಯಲ್ಲಿ, ಅಂಚಿನಿಂದ ಮೂವತ್ತು ನಲವತ್ತು ಮೀಟರ್ ದೂರದಲ್ಲಿ ಎಂಜಿನ್ ಆರಿಸಿ. ಗಾಳಿಯೇ ದೋಣಿಯನ್ನು ಮೀನಿನ ಹತ್ತಿರ ಒಯ್ಯುತ್ತದೆ, ಎಸೆತಕ್ಕೂ ಅದೇ ಗಾಳಿಯ ಬಲ ಸಿಗುತ್ತದೆ. ಜಿಗ್ಗನ್ನು, ಅಂದರೆ ಗಾಳವಿರುವ ಲೋಹದ ಹುಸಿಮೀನನ್ನು, ಹಿಂಡಿನ ನಡುವೆ ಎಸೆಯದೆ ಮುಂದಿನ ಅಂಚಿನಾಚೆ ಬೀಳಿಸಿ, ಐದು ಎಣಿಸುವಷ್ಟು ಇಳಿಯಬಿಟ್ಟು, ಕೈ ಸೋಲುವಷ್ಟು ಜೋರಾಗಿ ಸುತ್ತಿ. ಕೇದರ್ ನಿಧಾನದ ಜಿಗ್ಗನ್ನು ಮೂಸಿಯೂ ನೋಡುವುದಿಲ್ಲ.

ಇನ್ನು ಸಲಕರಣೆ. ಕಣಕ ಕಟ್ಟಿ ಅರವತ್ತು ಗ್ರಾಂ ಸೀಸ ಎಸೆಯುವ ಹಿನ್ನೀರಿನ ರಾಡು ಇಲ್ಲಿ ಕೆಲಸಕ್ಕೆ ಬಾರದು. ಅದರ ದಪ್ಪ ನೈಲಾನ್ ದಾರ ಇಪ್ಪತ್ತು ಗ್ರಾಂ ಜಿಗ್ಗನ್ನು ಗಾಳಿಯಲ್ಲೇ ತಡೆಯುತ್ತದೆ. 15ರಿಂದ 40 ಗ್ರಾಂ ಎಸೆಯಬಲ್ಲ ಏಳು ಅಡಿಯ ರಾಡು, 4000 ಅಳತೆಯ ಸ್ಪಿನ್ನಿಂಗ್ ರೀಲು, 20 ಪೌಂಡ್ ಎಳೆತ ತಾಳುವ ಬ್ರೇಡ್ (ಹೆಣೆದ ದಾರ) ಇನ್ನೂರು ಮೀಟರಿಗೆ ಕಡಿಮೆಯಿಲ್ಲದಂತೆ, ತುದಿಗೆ ಒಂದು ಮೀಟರಿನಷ್ಟು 30 ಪೌಂಡಿನ ಫ್ಲೋರೋಕಾರ್ಬನ್ ಲೀಡರ್ (ಬ್ರೇಡಿಗೂ ಜಿಗ್ಗಿಗೂ ನಡುವಿನ ದಾರ) ಸಾಕು. ಬ್ರೇಡನ್ನು ರೀಲಿನ ಬರಿಯ ಸ್ಪೂಲಿಗೆ (ದಾರದ ಉರುಳೆಗೆ) ನೇರ ಸುತ್ತಿದರೆ ಮೀನು ಎಳೆದಾಗ ಇಡೀ ಸುತ್ತು ಜಾರುತ್ತದೆ, ಹೊಸಬರು ಡ್ರ್ಯಾಗ್ (ಎಳೆತ ಹೆಚ್ಚಾದಾಗ ದಾರ ಬಿಡುವ ರೀಲಿನ ಬ್ರೇಕು) ಕೆಟ್ಟಿತೆಂದು ಅದನ್ನೇ ತಿರುಗಿಸುತ್ತ ಕೂರುತ್ತಾರೆ. ಮೊದಲು ಹತ್ತು ಮೀಟರ್ ನೈಲಾನ್ ದಾರ ಸುತ್ತಿ, ಅದರ ಮೇಲೆ ಬ್ರೇಡನ್ನು ಬಿಗಿಯಾಗಿ ಸುತ್ತಬೇಕು. ಸ್ಪೂಲಿನ ಅಂಚಿಗೆ ಎರಡು ಮಿಲಿಮೀಟರ್ ಉಳಿಯಲಿ, ತುಳುಕುವಷ್ಟು ತುಂಬಿದರೆ ಎಸೆದಾಗ ಸುರುಳಿ ಸುರುಳಿಯಾಗಿ ಕಳಚಿ ಸಿಕ್ಕುಬೀಳುತ್ತದೆ.

ಬ್ರೇಡಿಗೂ ಲೀಡರಿಗೂ ಹಾಕುವ ಗಂಟನ್ನು ಅಲುಗುವ ದೋಣಿಯಲ್ಲಿ ಕಲಿಯಲಾಗದು, ಮನೆಯಲ್ಲೇ ಕಟ್ಟಿಕೊಂಡು ಹೋಗಿ. ಬಿಗಿಯುವ ಮುನ್ನ ಎಂಜಲಿನಿಂದ ಒದ್ದೆ ಮಾಡಿ, ಒಣ ಗಂಟು ಉಜ್ಜಿ ಕಾದು ಸೊರಗುತ್ತದೆ. ದಾರ ಹರಿದು ಬಂದರೆ ಬೈದುಕೊಳ್ಳುವ ಮೊದಲು ತುದಿ ನೋಡಿ. ಬ್ಲೇಡಿನಲ್ಲಿ ಕತ್ತರಿಸಿದಂತಿದ್ದರೆ ಅದು ಸುರ್ಮಯಿಯ ಹಲ್ಲು, ಹತ್ತು ಹದಿನೈದು ಸೆಂಟಿಮೀಟರ್ ತೆಳು ತಂತಿ ಸೇರಿಸಬೇಕು. ಹಂದಿಯ ಬಾಲದಂತೆ ಸುತ್ತಿಕೊಂಡಿದ್ದರೆ ಗಂಟು ಜಾರಿದೆ, ತಪ್ಪು ನಿಮ್ಮದೇ. ಜುಂಗು ಜುಂಗಾಗಿದ್ದರೆ ದೋಣಿಯ ಅಂಚಿಗೋ ಬಂಡೆಗೋ ಉಜ್ಜಿದೆ. ಕೇದರ್ ಹಿಂಡಿನಲ್ಲಿ ಮಾತ್ರ ತಂತಿ ಬೇಡ, ಅದರ ಕಣ್ಣು ಬಲು ಚುರುಕು. ಕಣ್ಣೆದುರೇ ಮೀನು ಕುದಿಯುತ್ತಿದ್ದೂ ಕಚ್ಚದಿದ್ದರೆ ಬಹುಪಾಲು ಜಿಗ್ ದೊಡ್ಡದಾಗಿದೆ ಎಂದೇ ಅರ್ಥ. ಅದು ತಿನ್ನುತ್ತಿರುವುದು ಐದು ಸೆಂಟಿಮೀಟರಿನ ಮರಿಯಾದರೆ ನಿಮ್ಮ ಜಿಗ್ಗೂ ಅಷ್ಟೇ ಇರಲಿ. ಆಮೇಲೂ ಕಚ್ಚದಿದ್ದರೆ ಲೀಡರನ್ನು 20 ಪೌಂಡಿಗೆ ಇಳಿಸಿ.

ಡ್ರ್ಯಾಗನ್ನು ಕೈಯಂದಾಜಿನಲ್ಲಿ ಬಿಗಿಯುವುದೇ ಹೆಚ್ಚು ಮೀನು ಕಳೆಯುವ ತಪ್ಪು. 20 ಪೌಂಡ್ ಅಂದರೆ ಸುಮಾರು ಒಂಬತ್ತು ಕಿಲೋ. ಅದರ ಮೂರನೆಯ ಒಂದು ಪಾಲು, ಅಂದರೆ ಮೂರು ಕಿಲೋ ಎಳೆತಕ್ಕೆ ದಾರ ಬಿಡುವಂತಿರಬೇಕು. ಕೊಕ್ಕೆಯಿರುವ ಸ್ಪ್ರಿಂಗ್ ತಕ್ಕಡಿಗೆ ದಾರ ಕಟ್ಟಿ ಎಳೆದು ನೋಡಿದರೆ ಆಯಿತು. ಮೀನು ನೂರೈವತ್ತು ಮೀಟರ್ ಎಳೆದುಕೊಂಡು ಓಡಿದಾಗ ಗಾಬರಿಯಲ್ಲಿ ಎಲ್ಲರೂ ಡ್ರ್ಯಾಗ್ ಬಿಗಿಯುತ್ತಾರೆ. ಆಗ ಮಾಡಬೇಕಾದದ್ದು ತಿರುಗು ಮುರುಗು. ಸ್ಪೂಲಿನ ಸುತ್ತಿನ ವ್ಯಾಸ ಅರ್ಧಕ್ಕಿಳಿದರೆ, ಮುಟ್ಟದೆ ಬಿಟ್ಟ ಡ್ರ್ಯಾಗಿನ ಎಳೆತವೂ ದುಪ್ಪಟ್ಟಾಗುತ್ತದೆ. ನೀರಿನಲ್ಲಿ ಚಾಚಿದ ದಾರದ ತಡೆ ಬೇರೆ. ಒಂದಿಷ್ಟು ಸಡಿಲಿಸಿ. ಓಡುವ ಬ್ರೇಡನ್ನು ಬೆರಳಿನಿಂದ ತಡೆಯಲು ಹೋದರೆ ಬೆರಳು ಕುಯ್ದೀತು.

ಜಿಗ್ಗಿನ ಮೂರು ಮೊನೆಯ ಗಾಳ ತೆಗೆದು ಒಂಟಿ ಗಾಳ ಹಾಕಿ, ಅಡ್ಡಮುಳ್ಳನ್ನು ಇಕ್ಕಳದಿಂದ ಒತ್ತಿಬಿಡಿ. ಇಬ್ಬರು ನಿಂತು ಎಸೆಯುವ ಸಣ್ಣ ದೋಣಿಯಲ್ಲಿ ಅದು ಮೀನಿಗಿಂತ ಮೊದಲು ಮನುಷ್ಯರ ಕಿವಿ ಉಳಿಸುತ್ತದೆ. ಟ್ಯೂನಾ ಈಜುತ್ತಿದ್ದರಷ್ಟೇ ಕಿವಿರಿಗೆ ನೀರು ಹಾಯುತ್ತದೆ. ಬಿಡುವುದಾದರೆ ಫೋಟೊದ ಆಸೆ ಬಿಟ್ಟು, ಕೂಡಲೇ ತಲೆ ಮುಂದಾಗಿ ಈಟಿ ಎಸೆದಂತೆ ನೀರಿಗೆ ಬಿಡಬೇಕು.

ಇಟ್ಟುಕೊಳ್ಳುವುದಾದರೆ ಮಂಜುಗಡ್ಡೆಯ ಲೆಕ್ಕ ತಪ್ಪಬಾರದು. ಕಾರವಾರದಿಂದ ಬೆಳಗಾವಿ ನಾಲ್ಕು ತಾಸಿನ ದಾರಿ. ಟ್ಯೂನಾ, ಸುರ್ಮಯಿ, ಬಂಗಡೆ ಒಂದೇ ಕುಟುಂಬದವು. ಬಿಸಿಲಿನಲ್ಲಿ ಬಿದ್ದಿದ್ದರೆ ಅವುಗಳ ಮಾಂಸದಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ಒಮ್ಮೆ ಹುಟ್ಟಿದ್ದು ಕುದಿಸಿದರೂ ಹುರಿದರೂ ಹೋಗದು, ವಾಸನೆಯಿಂದ ಗೊತ್ತಾಗಲೇಬೇಕೆಂದೂ ಇಲ್ಲ. ಉಂಡ ಕೆಲ ಹೊತ್ತಿಗೇ ಮುಖ ಕೆಂಪೇರಿ, ಮೈ ತುರಿಸಿ, ತಲೆ ಸಿಡಿಯತೊಡಗಿದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ, ತಿಂದದ್ದು ಯಾವ ಮೀನೆಂದು ಹೇಳಿ. ಹಿಡಿದ ಕೂಡಲೇ ಕಿವಿರು ಕೊಯ್ದು ರಕ್ತ ಬಸಿದು, ಎರಡು ಪಾಲು ಪುಡಿಮಂಜಿಗೆ ಒಂದು ಪಾಲು ಕಡಲ ನೀರು ಬೆರೆಸಿದ ಡಬ್ಬಿಯಲ್ಲಿ ಮುಳುಗಿಸಿ. ಒಂದು ಕಿಲೋ ಮೀನಿಗೆ ಒಂದು ಕಿಲೋ ಮಂಜು ಕನಿಷ್ಠ. ಬಿಡಿ ಗಡ್ಡೆಗಳ ಮೇಲೆ ಒಣಗಲಿಟ್ಟಂತೆ ಇಟ್ಟ ಮೀನು ಒಳಗಿನವರೆಗೆ ತಣಿಯುವುದಿಲ್ಲ.

ಬರಹದಲ್ಲಿ ಬಿಟ್ಟುಹೋದ ಇನ್ನೊಂದು ಮಾತು. ಹಕ್ಕಿ ಕಂಡು ಬಲೆಯವರೂ ಬರುತ್ತಾರೆ. ಹಿಂಡನ್ನು ಸುತ್ತುವರಿದು ಬಲೆ ಬಿಡುವ ಪರ್ಸೀನ್ ಬೋಟು ಸುತ್ತು ಹಾಕತೊಡಗಿದರೆ ನಮ್ಮ ಹವ್ಯಾಸ ಹಿಂದೆ ಸರಿಯಬೇಕು, ಅದು ಅವರ ಹೊಟ್ಟೆಪಾಡು. ಡಾಲ್ಫಿನ್, ತಿಮಿಂಗಿಲ ಶಾರ್ಕ್ ಸುತ್ತ ಮೀನು ಎಷ್ಟೇ ಕುದಿಯಲಿ, ಎಸೆಯಬೇಡಿ. ಎರಡೂ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಕಾರವಾರದಲ್ಲಿ ಅರಗಾ ಕಡೆಯ ನೌಕಾನೆಲೆಯ ನೀರಿಗೆ ಹಕ್ಕಿಯ ಹಿಂದೆ ಹೋಗುವಂತಿಲ್ಲ. ಮಧ್ಯಾಹ್ನದ ಮೇಲೆ ಕಡಲಗಾಳಿ ಏರುತ್ತದೆ, ಅದಕ್ಕೆ ಮುಂಚೆ ದಡ ಸೇರಿರಿ.

ಕೊನೆಗೊಂದು ಸಣ್ಣ ತಿದ್ದುಪಡಿ. ಬರಹದ ಜತೆ ಅಚ್ಚಾದ ಚಿತ್ರದಲ್ಲಿ ರೀಲು ರಾಡಿನ ಮೇಲೆ ಕೂತಿದೆ. ಸ್ಪಿನ್ನಿಂಗ್ ರೀಲು ರಾಡಿನ ಕೆಳಗೆ ತೂಗಬೇಕು. ಹಿಡಿಕೆ ಇನ್ನೊಂದು ಕೈಗೆ ಬೇಕಿದ್ದರೆ ಬದಿಯ ಸ್ಕ್ರೂ ಬಿಚ್ಚಿ ಆಚೆಗೆ ಹಾಕಿಕೊಳ್ಳಬಹುದು, ರೀಲನ್ನು ತಲೆಕೆಳಗು ಮಾಡಬೇಕಿಲ್ಲ.

– ಕೆಲವು ಗಾಳದ ಹವ್ಯಾಸಿಗಳು, ಟಿಳಕವಾಡಿ, ಬೆಳಗಾವಿ