ಕೋವಿಗೆ ಅರ ಮುಟ್ಟಿಸಬೇಡ

ಮೂಡಿಗೆರೆ
ಡಿಸೆಂಬರ್, ಭಾನುವಾರ

ಚಿ. ಕಾವ್ಯಳಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಅರೇಬಿಕಾ ಕೊಯ್ಲು ಮುಕ್ಕಾಲು ಪಾಲು ಮುಗಿದಿದೆ, ಆಳು ಸಿಗದೆ ನಿನ್ನತ್ತೆ ಕಣ ಬಿಟ್ಟು ಕದಲುತ್ತಿಲ್ಲ. ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ಅರ್ಧ ಕೇಳಿಸಿತು, ಇನ್ನರ್ಧ ನೆಟ್‌ವರ್ಕ್ ತಿಂದುಹಾಕಿತು. ಭಾವನಿಗೆ ಎಪ್ಪತ್ತು ತುಂಬಿದ್ದರಿಂದ ಕೋವಿಯ ಲೈಸೆನ್ಸು ನಿನ್ನ ಹೆಸರಿಗೆ ಆಯಿತು ಅಂದೆ, ಸಂತೋಷ. ಕೆಳಗಿನ ಗದ್ದೆಗೆ ಹಂದಿ ಇಳಿಯುತ್ತಿವೆ ಅಂದೆ, ಅದು ಎಲ್ಲರ ಮನೆಯ ಕಥೆ. ರೈಫಲ್ಲಿನ ಮ್ಯಾಗಜೀನಿನಿಂದ, ಅದೇ ತೋಟೆ ತುಂಬುವ ಡಬ್ಬಿಯಿಂದ, ತೋಟೆ ಸರಿಯಾಗಿ ಏರುತ್ತಿಲ್ಲ, ಸಕಲೇಶಪುರದಲ್ಲಿ ಯಾರೋ ಲೇತ್ ಇಟ್ಟವನ ಹತ್ತಿರ ಸ್ವಲ್ಪ ಉಜ್ಜಿಸಿಬಿಡುತ್ತೇನೆ ಅಂದೆಯಲ್ಲ, ಆ ಮಾತು ಕೇಳಿಯೇ ಈ ಕಾಗದ ಬರೆಯಲು ಕೂತಿದ್ದೇನೆ. ದಯವಿಟ್ಟು ಉಜ್ಜಿಸಬೇಡ.

ಮೊದಲನೆಯದಾಗಿ, ಕೋವಿ ರಿಪೇರಿ ಮಾಡುವವನಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಲೈಸೆನ್ಸು ಇರಬೇಕು. ಲೇತಿನವನಿಗೆ ಅದಿರುವುದಿಲ್ಲ. ಎರಡನೆಯದು ಇನ್ನೂ ಮುಖ್ಯ. ಮ್ಯಾಗಜೀನಿನ ಬಾಯಂಚಿನಲ್ಲಿ ಒಳಕ್ಕೆ ಬಾಗಿದ ಎರಡು ಮಡಿಕೆಗಳಿವೆ ನೋಡು, ತೋಟೆ ಯಾವ ಹೊತ್ತಿಗೆ ಕೈಬಿಟ್ಟು ಯಾವ ಕೋನದಲ್ಲಿ ನಳಿಗೆಯ ಬುಡದ ಚೇಂಬರಿನ ಕಡೆ ಹೋಗಬೇಕು ಅನ್ನುವುದನ್ನು ತೀರ್ಮಾನಿಸುವುದೇ ಅವು. ಅಲ್ಲಿ ಒಂದು ಕೂದಲೆಳೆಯಷ್ಟು ಲೋಹ ಹೋದರೂ ತಿರುಗಿ ಬರುವುದಿಲ್ಲ. ನಮ್ಮ ಪಕ್ಕದ ಎಸ್ಟೇಟಿನವರು ಹೀಗೇ ಒಬ್ಬನ ಕೈಗೆ ಕೊಟ್ಟರು. ಅವನು ಅರ ಹಾಕಿ ನುಣ್ಣಗೆ ಮಾಡಿಕೊಟ್ಟ, ನೋಡಲು ಬಹಳ ಚೆನ್ನಾಗಿತ್ತು. ಆಮೇಲೆ ತೋಟೆಯನ್ನು ಚೇಂಬರಿಗೆ ನೂಕುವ ಬೋಲ್ಟನ್ನು ಮುಂದೆ ತಳ್ಳುವ ಮೊದಲೇ ತೋಟೆ ಚಂಗನೆ ಮೇಲೆ ಹಾರಿ ಅಡ್ಡ ನಿಲ್ಲತೊಡಗಿತು. ಬೇರೆ ಮ್ಯಾಗಜೀನ್ ತಂದರೆ ಅದು ಕೂರಲಿಲ್ಲ. ಈ ಜಾತಿಯ ರೈಫಲ್ಲುಗಳಲ್ಲಿ ಒಂದರ ಮ್ಯಾಗಜೀನ್ ಇನ್ನೊಂದಕ್ಕೆ ಹೊಂದಿಯೇ ಹೊಂದುತ್ತದೆ ಅನ್ನುವ ಭರವಸೆ ಇಲ್ಲ.

ನಿಮ್ಮ ಮನೆಯದು ಇಶಾಪುರದ .315 ರೈಫಲ್. ಅದರ ಹುಟ್ಟು ಗೊತ್ತಿದ್ದರೆ ಕಾಯಿಲೆ ಅರ್ಧ ಗೊತ್ತಾದ ಹಾಗೆ. ಬ್ರಿಟಿಷರ ಕಾಲದಲ್ಲಿ ಸೈನ್ಯದ .303 ತೋಟೆ ಜನರ ಕೈಗೆ ಹೋಗಬಾರದೆಂದು ಸಾಮಾನ್ಯರಿಗೆ ಅದನ್ನು ನಿಷೇಧಿಸಿದರು. ಬದಲಿಗೆ ಆಸ್ಟ್ರಿಯಾ ಸೈನ್ಯದ ಹಳೆಯ 8 ಮಿ.ಮೀ. ಮ್ಯಾನ್‌ಲಿಖರ್ ತೋಟೆಯನ್ನು .315 ಎಂಬ ಹೆಸರಿನಲ್ಲಿ ಬಿಟ್ಟರು. ಅದಕ್ಕೆ ಬ್ರಿಟಿಷ್ ಸೈನ್ಯದ ಲೀ-ಎನ್‌ಫೀಲ್ಡ್ ಮಾದರಿಯ ರೈಫಲ್ಲನ್ನು ಮೊದಲು ಇಂಗ್ಲೆಂಡಿನ ಬಿಎಸ್‌ಎ ಕಂಪನಿ ಮಾಡಿತು, ಆಮೇಲೆ ಬಂಗಾಳದ ಇಶಾಪುರ ಕಾರ್ಖಾನೆ ಮಾಡಿತು. ತೋಟೆ ಹತ್ತೊಂಬತ್ತನೆಯ ಶತಮಾನದ್ದು, ಅದರ ಬುಡದಲ್ಲಿ ಹೊರಕ್ಕೆ ಚಾಚಿದ ರಿಮ್ ಇದೆ. .30-06ರಂಥ ತೋಟೆಯ ಬುಡ ಹಾಗೆ ಚಾಚಿರುವುದಿಲ್ಲ, ಅದನ್ನು ಹೇಗೆ ತುಂಬಿದರೂ ಹೆಚ್ಚು ತಕರಾರಿಲ್ಲ. ನಿನ್ನದಕ್ಕೆ ಇದೆ.

ಒಂದರ ಮೇಲೊಂದು ತೋಟೆ ಕೂತಾಗ ಮೇಲಿನದರ ರಿಮ್ ಕೆಳಗಿನದರ ರಿಮ್ಮಿಗಿಂತ ಮುಂದೆ ಇರಬೇಕು, ಅಂದರೆ ನಳಿಗೆಯ ಕಡೆಗೆ. ಅಪ್ಪಿತಪ್ಪಿ ಹಿಂದೆ ಕೂತಿತೋ, ಬೋಲ್ಟ್ ಮೇಲಿನದನ್ನು ತಳ್ಳುವಾಗ ಅದರ ರಿಮ್ ಕೆಳಗಿನ ರಿಮ್ಮಿಗೆ ಕೊಕ್ಕೆ ಹಾಕುತ್ತದೆ. ಆಗ ಬಲ ಹಾಕಿದಷ್ಟೂ ಬಿಗಿಯಾಗುತ್ತದೆ. ನೀನು "ಎರಡನೆಯದೋ ಮೂರನೆಯದೋ ಕಚ್ಚಿಕೊಳ್ಳುತ್ತೆ, ಒಂದು ದಿನ ಕಚ್ಚುತ್ತೆ ಒಂದು ದಿನ ಇಲ್ಲ" ಅಂದದ್ದು ಕೇಳಿದರೆ ನನಗೆ ಇದರ ಮೇಲೇ ಗುಮಾನಿ. ಮ್ಯಾಗಜೀನ್ ಹಾಳಾಗಿದ್ದರೆ ಅದು ದಿನ ನೋಡಿ ಕೆಡುವುದಿಲ್ಲ. ತುಂಬುವ ಕೈ ದಿನಕ್ಕೊಂದು ಥರ ಇರುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಹೇಳಿದರೆ ಸಿಟ್ಟಾಗಬೇಡ. ಭಾವ ಕತ್ತಲಲ್ಲೂ ಬೆರಳಿನಲ್ಲೇ ಸವರಿ ತುಂಬುತ್ತಿದ್ದರು. ಪ್ರತಿ ತೋಟೆಯನ್ನೂ ಕೆಳಗಿನದಕ್ಕಿಂತ ತುಸು ಮುಂದಿಟ್ಟು ಹೆಬ್ಬೆರಳಿನಿಂದ ಒತ್ತಿ, ತೋರುಬೆರಳಿನ ತುದಿಯಿಂದ ಬುಡ ಮುಟ್ಟಿ ನೋಡಿಯೇ ಮುಂದಿನದು. ಅವರ ಪಕ್ಕ ಕೂತು ಕಲಿ. ಅವರಿಗೂ ಸಂಜೆ ಹೊತ್ತು ಹೋಗುತ್ತದೆ.

ಪರೀಕ್ಷೆಯೆಲ್ಲ ಡಮ್ಮಿ ತೋಟೆಯಲ್ಲಿ ಮಾಡು, ಜೀವಂತ ತೋಟೆಯಲ್ಲಿ ಬೇಡವೇ ಬೇಡ. ಮದ್ದೂ, ಅದಕ್ಕೆ ಕಿಡಿ ಕೊಡುವ ಬುಡದ ಕೇಪೂ ಇಲ್ಲದ ಡಮ್ಮಿಗಳನ್ನು ಲೈಸೆನ್ಸು ಇರುವ ಕೋವಿ ಅಂಗಡಿಯಲ್ಲಿ ಕೇಳು. ಕೂರುವ ಮೊದಲು ನಿಜವಾದ ತೋಟೆಗಳನ್ನೆಲ್ಲ ಇನ್ನೊಂದು ಕೋಣೆಯಲ್ಲಿಟ್ಟು ಬೀಗ ಹಾಕು. ಬೋಲ್ಟ್ ತೆರೆದು ಚೇಂಬರನ್ನು ಕಣ್ಣಿನಿಂದ ನೋಡು, ಕಿರುಬೆರಳು ಹಾಕಿಯೂ ನೋಡು. ನಳಿಗೆ ಜನ ಇಲ್ಲದ ಕಡೆಗಿರಲಿ, ಬೆರಳು ಟ್ರಿಗರಿನ ಹತ್ತಿರ ಸುಳಿಯದಿರಲಿ. ತೋಟೆ ಸಿಕ್ಕಿಕೊಂಡಾಗ ಮಗ್ಗುಲಿಗೆ ತಿರುಗಿಸಿ ಅಲ್ಲಾಡಿಸುವುದು, ಸ್ಕ್ರೂಡ್ರೈವರ್ ತುರುಕಿ ಮೀಟುವುದು ಎರಡನ್ನೂ ಮಾಡಬೇಡ. ಅಂಥ ಹೊತ್ತಿನಲ್ಲಿ ಮ್ಯಾಗಜೀನ್ ಕಳಚಿ ಕೆಳಗಿಳಿಸಿದರೆ ಹೆಚ್ಚಿನ ಗಂಟು ತಾನೇ ಬಿಚ್ಚಿಕೊಳ್ಳುತ್ತದೆ.

ಡಮ್ಮಿ ತುಂಬಿ ನಿಧಾನವಾಗಿ ಬೋಲ್ಟ್ ಆಡಿಸುತ್ತ ಎಷ್ಟನೆಯದು ಸಿಕ್ಕಿಕೊಳ್ಳುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದುಕೋ. ಕೋವಿ ರಿಪೇರಿ ಮಾಡುವ ಯಾವುದೇ ಗನ್‌ಸ್ಮಿತ್ ಮೊದಲು ಕೇಳುವ ಪ್ರಶ್ನೆ ಅದೇ. ಪೂರ್ತಿ ತುಂಬಿದಾಗ ಮೊದಲನೆಯದೇ ಕಚ್ಚಿದರೆ ರಿಮ್ ಕೊಕ್ಕೆ ಬಿದ್ದಿರಬೇಕು, ಇಲ್ಲವೇ ಮ್ಯಾಗಜೀನಿನ ಮಗ್ಗುಲಲ್ಲಿ ಎಲ್ಲೋ ನೆಗ್ಗಿ ಒಳಗೆ ಉಜ್ಜುತ್ತಿರಬೇಕು. ಮೊದಲಿನವು ಸಲೀಸಾಗಿ ಹೋಗಿ ಕಡೆಯದು ಮೇಲೇಳದಿದ್ದರೆ ಸ್ಪ್ರಿಂಗ್ ಸೋತಿದೆ, ಯಾಕೆಂದರೆ ಕಡೆಯ ತೋಟೆಯ ಹೊತ್ತಿಗೆ ಸ್ಪ್ರಿಂಗ್ ಪೂರ್ತಿ ಬಿಚ್ಚಿಕೊಂಡು ಅದರ ತಳ್ಳುವ ಶಕ್ತಿ ತೀರಾ ಕಡಿಮೆಯಾಗಿರುತ್ತದೆ. ಎಲ್ಲವೂ ಒಂದೇ ಥರ ಕೆಟ್ಟರೆ, ಬೋಲ್ಟ್ ತೋಟೆಯ ಮೇಲೆ ಜಾರಿಕೊಂಡು ಬರಿಗೈಯಲ್ಲಿ ಮುಂದೆ ಹೋದರೆ, ಮ್ಯಾಗಜೀನನ್ನು ಅಂಗೈಯಿಂದ ಮೇಲಕ್ಕೆ ಒತ್ತಿ ಹಿಡಿದು ಮತ್ತೆ ಆಡಿಸು. ಆಗ ಸರಿಹೋಯಿತೋ, ಮ್ಯಾಗಜೀನ್ ಹಿಡಿದುಕೊಳ್ಳುವ ಕ್ಯಾಚ್ ಸವೆದು ಅದು ಕೆಳಗೆ ಕೂರುತ್ತಿದೆ ಎಂದರ್ಥ. ತೋಟೆಯ ಮೂತಿ ಚೇಂಬರಿನ ಕೆಳಗಿನ ಅಂಚಿಗೆ ಗುದ್ದುತ್ತದೆಯೋ, ಮೇಲಕ್ಕೆ ಚಿಮ್ಮಿ ಆಕಾಶ ನೋಡುತ್ತದೆಯೋ ಅದನ್ನೂ ಬರೆದುಕೋ. ಕೆಳಗೆ ಗುದ್ದಿದರೆ ಬಾಯಂಚಿನ ಮಡಿಕೆ ಬಿಗಿಯಾಗಿರಬಹುದು, ಮೇಲೆ ಚಿಮ್ಮಿದರೆ ಸಡಿಲವಾಗಿರಬಹುದು. ತಿಳಿದುಕೊಂಡರೆ ಸಾಕು, ಕಟಿಂಗ್ ಪ್ಲೇರ್ ಹಿಡಿದು ಬಗ್ಗಿಸಲು ಹೋಗಬೇಡ.

ಬೋಲ್ಟ್ ಎಳೆಯುವುದರ ಬಗ್ಗೆ ಒಂದು ಮಾತು. ಹೆದರಿಕೆಯಲ್ಲಿ, ಅವಸರದಲ್ಲಿ, ಸದ್ದಾಗಬಾರದೆಂಬ ನಾಜೂಕಿನಲ್ಲಿ ಎಲ್ಲರೂ ಅದನ್ನು ಮುಕ್ಕಾಲಿಗೇ ಎಳೆದು ಮುಂದೆ ತಳ್ಳುತ್ತಾರೆ. ಬೋಲ್ಟಿನ ಮುಖ ರಿಮ್ ದಾಟಿ ಹಿಂದೆ ಹೋಗದಿದ್ದರೆ ಅದು ತೋಟೆಯನ್ನು ತಳ್ಳುವುದಾದರೂ ಹೇಗೆ? ತಡೆಯುವವರೆಗೂ ಹಿಂದಕ್ಕೆ ಎಳೆ, ಒಂದೇ ಸಮನೆ ಮುಂದಕ್ಕೆ ಒತ್ತು. ಅರ್ಧ ತಳ್ಳಿ, ಮನಸ್ಸು ಬದಲಾಯಿಸಿ ಮತ್ತೆ ಹಿಂದಕ್ಕೆ ಎಳೆದು ತಳ್ಳಿದರೆ ಇನ್ನೂ ಅಪಾಯ. ಈ ರೈಫಲ್ಲಿನಲ್ಲಿ ಬೋಲ್ಟ್ ಪೂರ್ತಿ ಮುಂದೆ ಹೋಗುವ ತನಕ ಎಕ್ಸ್‌ಟ್ರ್ಯಾಕ್ಟರ್, ಅಂದರೆ ತೋಟೆಯನ್ನು ಹಿಂದಕ್ಕೆ ಎಳೆಯುವ ಕೊಕ್ಕೆ, ರಿಮ್ಮನ್ನು ಹಿಡಿಯುವುದಿಲ್ಲ. ಮೊದಲ ತೋಟೆ ಚೇಂಬರಿನಲ್ಲೇ ಉಳಿದು, ಎರಡನೆಯದರ ಮೂತಿ ಅದರ ಬುಡದ ಕೇಪಿಗೆ ಹೋಗಿ ಗುದ್ದುತ್ತದೆ. ಅದು ಏನಾಗಬಹುದೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ಹಾಗೆಯೇ ಎಕ್ಸ್‌ಟ್ರ್ಯಾಕ್ಟರಿನ ಸ್ಪ್ರಿಂಗ್ ಸೋತು ಸಿಡಿದ ತೋಟೆಯ ಖಾಲಿ ಕೊಪ್ಪು ಒಳಗೇ ಉಳಿದಾಗಲೂ ಜನ ಮ್ಯಾಗಜೀನನ್ನೇ ಬಯ್ಯುತ್ತಾರೆ. ಪಾಪ, ಅದರದೇನೂ ತಪ್ಪಿರುವುದಿಲ್ಲ.

ಇನ್ನು ಎಣ್ಣೆ. ನಿಮ್ಮ ಮನೆಯಲ್ಲಿ ಆಯುಧಪೂಜೆಗೆ ಕೋವಿಗೆ ಕೊಬ್ಬರಿ ಎಣ್ಣೆ ಸವರುವ ರೂಢಿ ಅಜ್ಜನ ಕಾಲದಿಂದ ಇದೆ. ಅಕ್ಟೋಬರಿನಲ್ಲಿ ಹಚ್ಚುವಾಗ ಅದು ನೀರಿನ ಹಾಗಿರುತ್ತದೆ. 24 ಡಿಗ್ರಿಗಿಂತ ಕೆಳಗಿಳಿದರೆ ಕೊಬ್ಬರಿ ಎಣ್ಣೆ ಗಟ್ಟಿ. ನಿಮ್ಮೂರಿನ ಡಿಸೆಂಬರ್ ರಾತ್ರಿಯಲ್ಲಿ ಮ್ಯಾಗಜೀನಿನ ಒಳಗೆ ಅದು ಬೆಣ್ಣೆಯಾಗಿ ಕೂತು ಸ್ಪ್ರಿಂಗನ್ನು ಹಿಡಿದಿಡುತ್ತದೆ. ಹಗಲಲ್ಲಿ ನೀನು ಆಡಿಸಿ ನೋಡಿದಾಗ ಎಲ್ಲ ಸರಿ, ರಾತ್ರಿ ಕೈಕೊಟ್ಟಿತು. ಅದರ ಮೇಲೆ ಅರಿಶಿನ ಕುಂಕುಮ ಬೇರೆ. ನಾನು ಒಮ್ಮೆ ಒಂದು ಮ್ಯಾಗಜೀನ್ ಬಿಚ್ಚಿದಾಗ ತೋಟೆ ಕೂರುವ ತಟ್ಟೆಯ ಕೆಳಗೆ ಕುಂಕುಮ, ಅಕ್ಷತೆಯ ಎರಡು ಕಾಳು, ಚೆಂಡುಹೂವಿನ ಎಸಳು ಎಲ್ಲ ಎಣ್ಣೆಯಲ್ಲಿ ಕಲಸಿ ಮೇಣದಂತೆ ಅಂಟಿತ್ತು. ಪೂಜೆ ಮಾಡು, ಬೇಡ ಅನ್ನುವುದಿಲ್ಲ. ಮ್ಯಾಗಜೀನ್ ಕಳಚಿಟ್ಟು, ಬೋಲ್ಟ್ ಮುಚ್ಚಿ, ಮರದ ಹಿಡಿಗೆ ಕುಂಕುಮ ಇಡು. ದೇವರೇನೂ ಬೇಸರ ಮಾಡಿಕೊಳ್ಳುವುದಿಲ್ಲ.

ಒಳಗೆ ಬಿಚ್ಚಿ ತೊಳೆಯುವುದು ಕಷ್ಟವಲ್ಲ. ಮೊದಲು ಫೋನಿನಲ್ಲಿ ಎರಡು ಫೋಟೋ ಹಿಡಿದುಕೋ. ತಟ್ಟೆಯ ಹಿಂಬದಿಯನ್ನು ಒತ್ತಿ ಹಿಡಿದರೆ ಮುಂಬದಿ ಮೇಲೇಳುತ್ತದೆ, ಓರೆ ಮಾಡಿ ಎತ್ತಿದರೆ ಸ್ಪ್ರಿಂಗ್ ಸಮೇತ ಬರುತ್ತದೆ. ಬರಲಿಲ್ಲವೆಂದರೆ ಬಿಟ್ಟುಬಿಡು, ಎಳೆದಾಡಬೇಡ. ಸೀಮೆಎಣ್ಣೆಯೋ ಟರ್ಪೆಂಟೈನೋ ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಮೂಲೆ ಮೂಲೆ ಉಜ್ಜಿ, ಒರೆಸಿ ಒಣಗಿಸು. ಆಮೇಲೆ ಹೊಲಿಗೆ ಮೆಷಿನ್ನಿನ ಎಣ್ಣೆಯನ್ನು ಬಟ್ಟೆಗೆ ತಾಗಿಸಿ ಸವರಿದರೆ ಸಾಕು, ಸುರಿಯುವುದು ಬೇಡ. ಚೇಂಬರಿಗೂ ತೋಟೆಗೂ ಎಣ್ಣೆ ಇರಲೇಬಾರದು. ಎಣ್ಣೆ ಹತ್ತಿದ ತೋಟೆ ಸಿಡಿದಾಗ ಚೇಂಬರಿನ ಗೋಡೆಯನ್ನು ಹಿಡಿದುಕೊಳ್ಳದೆ ಹೊಡೆತವನ್ನೆಲ್ಲ ಬೋಲ್ಟಿನ ಮೇಲೆ ಹಾಕುತ್ತದೆ. ಹಾಗೇ ನಳಿಗೆಯ ಒಳಗೂ ಬೆಳಕು ಬಿಟ್ಟು ನೋಡು. ಮಳೆಗಾಲ ಕಳೆದ ಮೇಲೆ ಕಣಜದ ಹುಳ ಮಣ್ಣು ಮೆತ್ತಿ ಗೂಡು ಕಟ್ಟಿರುವುದು ನಮ್ಮ ಕಡೆ ಹೊಸದೇನಲ್ಲ.

ತೋಟೆಗಳನ್ನು ಭಾವ ಚರ್ಮದ ಬೆಲ್ಟಿನಲ್ಲೇ ಇಟ್ಟಿದ್ದಾರೆ, ನನಗೆ ನೆನಪಿದೆ. ಚರ್ಮ ಹದ ಮಾಡಿದ ರಸಾಯನ ಹಿತ್ತಾಳೆಗೆ ಹಿಡಿಸುವುದಿಲ್ಲ, ನಮ್ಮ ಜಡಿಮಳೆಯ ತೇವ ಸೇರಿದರೆ ಹಸಿರು ಕಿಲುಬು ಖಂಡಿತ. ಕಿಲುಬು ಹಿಡಿದ ತೋಟೆ ಮ್ಯಾಗಜೀನಿನಲ್ಲೂ ತೆವಳುತ್ತದೆ, ಚೇಂಬರಿನಲ್ಲೂ ಬಿಗಿಯಾಗುತ್ತದೆ. ಮೂತಿಯ ಮೆತ್ತನೆಯ ಸೀಸ ಚಪ್ಪಟೆಯಾಗಿದ್ದರೆ ಅದೂ ತಕರಾರೇ. ಅಂಥವನ್ನು ಬೇರೆ ಮಾಡಿ ಅಂಗಡಿಯವರಿಗೆ ತೋರಿಸು. ಉಳಿದವನ್ನು ಬೆಲ್ಟಿನಿಂದ ತೆಗೆದು ಒಣ ಡಬ್ಬಿಗೆ ಹಾಕು. ತುಂಬಿಟ್ಟರೆ ಸ್ಪ್ರಿಂಗ್ ಸೋಲುತ್ತದೆ ಅನ್ನುತ್ತಾರಲ್ಲ, ಅದು ಅಷ್ಟು ನಿಜವಲ್ಲ. ಸ್ಪ್ರಿಂಗ್ ಸವೆಯುವುದು ಹೆಚ್ಚಾಗಿ ಮತ್ತೆ ಮತ್ತೆ ಒತ್ತಿ ಬಿಡುವುದರಿಂದ, ತುಕ್ಕಿನಿಂದ. ಆದರೂ ಮನೆಯಲ್ಲಿ ಮಕ್ಕಳು ಓಡಾಡುತ್ತವೆ, ಮ್ಯಾಗಜೀನ್ ಖಾಲಿಯೇ ಇರಲಿ. ಚುನಾವಣೆಗೆ ಠಾಣೆಯಲ್ಲಿ ಠೇವಣಿ ಇಡುವಾಗ ಎಣ್ಣೆ ಸವರಿ ಕೊಡು. ವಾಪಸ್ ತಂದ ದಿನವೇ ಬಿಚ್ಚಿ ನೋಡು, ತಿಂಗಳುಗಟ್ಟಲೆ ತೇವದಲ್ಲಿ ಕೂತು ಬಂದಿರುತ್ತದೆ.

ಹಂದಿಯ ವಿಷಯವನ್ನು ಕಡೆಗೆ ಇಟ್ಟುಕೊಂಡೆ, ನಿನಗೆ ಇಷ್ಟವಾಗದ ಮಾತು ಅಂತ. ನಿನ್ನ ಹೆಸರಿಗೆ ಬಂದಿರುವುದು ಕೋವಿ ಇಟ್ಟುಕೊಳ್ಳುವ ಲೈಸೆನ್ಸು. ಬೆಳೆ ರಕ್ಷಣೆಗೆ ಎಂದು ಅದರಲ್ಲಿ ಬರೆದಿದ್ದರೂ ಹಂದಿ ಹೊಡೆಯಲು 1972ರ ವನ್ಯಜೀವಿ ಕಾಯ್ದೆಯಡಿ ಅರಣ್ಯ ಇಲಾಖೆಯ ಅನುಮತಿ ಬೇರೆಯೇ ಬೇಕು. ಅದು ಕೈಗೆ ಬರುವ ತನಕ ಬೇಲಿ, ದೀಪ, ಕಾವಲು ಇಷ್ಟೇ. ಕತ್ತಲಲ್ಲಿ ಕೊನೆಗದ್ದೆಯ ಹತ್ತಿರ ಅಲ್ಲಾಡಿದ್ದು ಹಂದಿಯೋ, ನೀರು ಕಟ್ಟಲು ಹೋದ ಆಳೋ ಎಂದು ತಿಳಿಯದ ಜಾಗದಲ್ಲಿ ಅನುಮತಿ ಇದ್ದರೂ ಕೋವಿ ಎತ್ತಬಾರದು. ಕ್ಯಾಚ್ ಸವೆದಿದ್ದರೆ, ಸ್ಪ್ರಿಂಗ್ ಸೋತಿದ್ದರೆ, ಮಡಿಕೆ ಹೆಚ್ಚುಕಮ್ಮಿಯಾಗಿದ್ದರೆ ಲೈಸೆನ್ಸು ಇರುವ ಗನ್‌ಸ್ಮಿತ್ ಹತ್ತಿರವೇ ಹೋಗೋಣ. ಹೋಗುವಾಗ ಲೈಸೆನ್ಸು ಪುಸ್ತಕ, ರೈಫಲ್, ಮ್ಯಾಗಜೀನ್ ಮೂರೂ ಜೊತೆಗಿರಬೇಕು. ಮ್ಯಾಗಜೀನ್ ಒಂದನ್ನೇ ನೋಡಿ ಅವನು ಏನೂ ಹೇಳಲಾರ.

ಮೊದಲು ತೊಳೆ, ಆಮೇಲೆ ಡಮ್ಮಿ ಹಾಕಿ ನೋಡು. ಎಷ್ಟನೆಯದು ಕಚ್ಚುತ್ತದೆ, ಮೂತಿ ಎಲ್ಲಿ ಗುದ್ದುತ್ತದೆ ಎಂದು ಬರೆದ ಆ ಹಾಳೆಯ ಫೋಟೋವನ್ನು ವಾಟ್ಸಾಪ್‌ನಲ್ಲಿ ಕಳಿಸು. ಭಾವನಿಗೂ ಅಕ್ಕನಿಗೂ ನಮಸ್ಕಾರ ತಿಳಿಸು. ರೋಬಸ್ಟಾ ಕೊಯ್ಲಿಗೆ ಆಳು ಬೇಕಾದರೆ ಈಗಲೇ ಹೇಳು, ಆಮೇಲೆ ನನ್ನ ಹತ್ತಿರವೂ ಇರುವುದಿಲ್ಲ.

ಇಂತಿ ನಿನ್ನ ಮಾವ